ಗೋಡೆಯ ಆ ಕಡೆ

ಗೋಡೆಯಲ್ಲಿ ತೂತು ಕಂಡರೆ ಬೆರಳು ಹಾಕಿ ನೋಡುವ ಚಟ ಓಂಕಾರೇಶನಿಗೆ ಅಂಟಿಕೊಂಡು ಆರು ತಿಂಗಳಾಗಿತ್ತು. ಅವತ್ತು ಬೆಳಿಗ್ಗೆಯೂ ಅಜ್ಜಂಪುರದ ಮನೆಯ ಹಿತ್ತಿಲಲ್ಲಿ ಹಲ್ಲುಜ್ಜುತ್ತ ನಿಂತವನು, ಟಿ.ವಿ.ಯ ವಯರು ಒಳಹೋಗಲೆಂದು ಯಾರೋ ಕೊರೆದಿದ್ದ ತೂತಿಗೆ ಕಿರುಬೆರಳು ತೂರಿಸಿದ. ಬೆರಳು ಸಲೀಸಾಗಿ ಹೋಯಿತು. ಆ ಕಡೆ ಅಡುಗೆಮನೆ. ಒಗ್ಗರಣೆ ಹಾಕುತ್ತಿದ್ದ ಹೆಂಡತಿ ಯಶೋದಾ, ಗೋಡೆಯೊಳಗಿಂದ ಏನೋ ಮಿಸುಕಾಡಿದ್ದು ಕಂಡು, “ಅಯ್ಯೋ ಶಿವನೇ, ಹಲ್ಲಿ ಅಂದ್ಕೊಂಡೆ! ಏನ್ರೀ ಇದು ಮಕ್ಕಳಾಟ?” ಎಂದು ಕೂಗಿಕೊಂಡಳು. ಅವನು ಬೆರಳು ಹಿಂದಕ್ಕೆಳೆದುಕೊಂಡ. ಆಟವಲ್ಲ ಕಣೇ ಎನ್ನಬೇಕೆನಿಸಿತು. ಅಂದರೆ ಮತ್ತೇನು ಎಂದು ಕೇಳುತ್ತಾಳೆ, ಕೇಳಿದರೆ ಹೇಳಬೇಕಾಗುತ್ತದೆ. ಬಾಯಲ್ಲಿದ್ದ ಪೇಸ್ಟನ್ನು ಉಗಿದು, ನೀರು ಮುಕ್ಕಳಿಸಿದ.

ನಡುಮನೆಯಲ್ಲಿ ಪ್ರಶಸ್ತಿಪತ್ರವೊಂದು ತೂಗುತ್ತಿತ್ತು. ಯಶೋದಾ ಬೀರೂರಿನಿಂದ ಫ್ರೇಮು ಹಾಕಿಸಿ ತಂದು, ಸಿದ್ಧಲಿಂಗಸ್ವಾಮಿಗಳ ಫೋಟೋದ ಪಕ್ಕದಲ್ಲೇ ಮೊಳೆ ಹೊಡೆದಿದ್ದಳು. ಅಣುವಿದ್ಯುತ್ ಸ್ಥಾವರದ ಕೇಬಲ್ ಕೋಣೆಯಲ್ಲಿ ಎದ್ದ ಬೆಂಕಿಯನ್ನು ಹನ್ನೊಂದೇ ನಿಮಿಷದಲ್ಲಿ, ಯಾರ ಕೂದಲೂ ಕೊಂಕದಂತೆ ಆರಿಸಿದ ಅಗ್ನಿಶಾಮಕ ವಿಭಾಗದ ಸೂಪರ್‌ವೈಸರ್ ಓಂಕಾರೇಶನಿಗೆ ಅಂತ ಅದರಲ್ಲಿ ಇತ್ತು. ಊರಿನ ಸಮಾಜದವರು ಅದನ್ನು ಕೇಳಿ ಶಾಲು ಹೊದಿಸಿದ್ದರು, ಮೈಸೂರು ಪೇಟ ಇಟ್ಟಿದ್ದರು. ಪೇಟ ಹಣೆಗೆ ಜಾರಿ ಕಣ್ಣು ಮುಚ್ಚಿತ್ತು, ಸಭೆಯೆಲ್ಲ ನಕ್ಕಿತ್ತು. ಕಣ್ಣು ಮುಚ್ಚಿದ್ದೇ ಒಳ್ಳೆಯದಾಯಿತು ಅನ್ನಿಸಿತ್ತು ಅವನಿಗೆ. ಬೆಂಕಿ ಆರಿಸಿದ್ದು ನಿಜ, ಸುಳ್ಳೇನಲ್ಲ. ಮುಖವಾಡ ಕಟ್ಟಿಕೊಂಡು ಮೊದಲು ಒಳನುಗ್ಗಿದವನು ಅವನೇ. ಆದರೆ ಆ ಬೆಂಕಿಗೆ ದಾರಿ ಬಿಟ್ಟವನೂ ಅವನೇ ಎಂಬುದು ಆ ಪತ್ರದಲ್ಲಿ ಇರಲಿಲ್ಲ.

“ಸಿಂಗಟಗೆರೆಗೆ ಹೋಗಿ ಬತ್ತೀನಿ. ತಿಮ್ಮೇಶಂದು ಒಂದು ಸೈನ್ ಬೇಕು, ಆಫೀಸಿಂದು,” ಎಂದ, ಉಪ್ಪಿಟ್ಟು ಮುಗಿಸಿ.

“ಅವನೇ ಅಲ್ವೇನ್ರೀ ಬೆಂಕಿ ಬೀಳೋ ಹಂಗೆ ಮಾಡಿದ್ದು? ನೀವೇ ಕೆಲಸಕ್ಕೆ ಸೇರಿಸಿದ್ರಿ. ಉಂಡ ಮನೆಗೆ ಎರಡು ಬಗೆದ. ಅಂಥೋನ ಬಾಗಿಲಿಗೆ ನೀವ್ಯಾಕೆ ಹೋಗ್ಬೇಕು, ಅವನೇ ಬರ್ಲಿ.”

ಓಂಕಾರೇಶ ಚೀಲದ ಜಿಪ್ಪನ್ನು ಎರಡು ಸಲ ಎಳೆದ. ಒಳಗೆ ಒಂದೇ ಒಂದು ಹಾಳೆ ಇತ್ತು.

ಆ ಹಾಳೆಯಲ್ಲಿ ಹೀಗಿತ್ತು: ಗೋಡೆಯ ತೂತನ್ನು ನಾನು ಸರಿಯಾಗಿ ಮುಚ್ಚಿದ್ದೆ, ಸೂಪರ್‌ವೈಸರು ಎರಡೂ ಕಡೆಯಿಂದ ನೋಡಿ ಒಪ್ಪಿದ್ದರು, ಆಮೇಲೆ ನಾನೇ ಯಾರಿಗೂ ಹೇಳದೆ ಬಿಚ್ಚಿ ಹಾಗೇ ಬಿಟ್ಟೆ. ಕೆಳಗೆ ತಿಮ್ಮೇಶನ ಸಹಿಗೆ ಜಾಗ. ಸಹಿ ಬಿದ್ದರೆ ವಿಚಾರಣೆ ಮುಗಿಯಿತು, ತಿಮ್ಮೇಶ ಇನ್ನು ದೇಶದ ಯಾವ ಸ್ಥಾವರದ ಗೇಟಿನೊಳಗೂ ಕಾಲಿಡುವಂತಿಲ್ಲ. ವಿಚಾರಣೆಯ ಅಧಿಕಾರಿ ವಿಶ್ವನಾಥ್ ಒಳ್ಳೆಯ ಮನುಷ್ಯ, ನಿವೃತ್ತಿಗೆ ಮೂರು ತಿಂಗಳಿದ್ದವರು. “ಹ್ಯಾಗೂ ರಜಾಕ್ಕೆ ಊರಿಗೆ ಹೋಗ್ತಿದೀರಲ್ಲ, ಅವನೂ ನಿಮ್ಮ ಕಡೆಯವನೇ. ಸೈನ್ ಮಾಡಿಸಿ ಫೋಟೋ ಕಳಿಸಿಬಿಡಿ. ನಾಳೆ ಸಂಜೆ ನಾಲ್ಕಕ್ಕೆ ಫೈಲ್ ಮೇಲಕ್ಕೆ ಹೋಗ್ಬೇಕು,” ಎಂದಿದ್ದರು, ನಿನ್ನೆ ಹಾಳೆ ಕೈಗಿಡುವಾಗ. ಅಷ್ಟು ಸಲೀಸು.

ಕಡೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸ್ಟೇಷನ್ನಿನ ಹತ್ತಿರ ಈರುಳ್ಳಿ ಮೂಟೆಗಳ ಲಾರಿ ಅಡ್ಡ ನಿಂತು ಬಸ್ಸು ಕಾಯಬೇಕಾಯಿತು. ಮೂಟೆಗಳ ವಾಸನೆ ಮೂಗಿಗೆ ಬಂದಾಗ ಓಂಕಾರೇಶನಿಗೆ ನೆನಪಾದದ್ದು ಮಾತ್ರ ಸುಟ್ಟ ರಬ್ಬರಿನ ವಾಸನೆ. ಸ್ಥಾವರದಲ್ಲಿ ಬೆಂಕಿಗಿಂತ ಗೋಡೆಗೆ ಮರ್ಯಾದೆ ಹೆಚ್ಚು. ಒಂದು ಕೋಣೆ ಉರಿದರೆ ಪಕ್ಕದ ಕೋಣೆಗೆ ಮೂರು ಗಂಟೆ ಶಾಖ ತಾಗಬಾರದು, ಅಂಥ ಗೋಡೆಗಳು. ಒಲೆ ಆರಿದ ಮೇಲೂ ಕೆಂಡ ಬಿಸಿಯಿರುವ ಹಾಗೆ, ಯಂತ್ರ ನಿಲ್ಲಿಸಿದ ಮೇಲೂ ಒಳಗೆ ಬಿಸಿ ಉಳಿಯುತ್ತದೆ. ಅದನ್ನು ತಂಪಾಗಿಡುವ ಪಂಪಿಗೆ ಕರೆಂಟು ಒಯ್ಯುವ ಕೇಬಲ್ಲುಗಳು ಸುಟ್ಟರೆ ಕಥೆ ಮುಗಿಯಿತು. ಅದಕ್ಕೇ ಕೇಬಲ್ಲಿಗೆ ಎರಡು ದಾರಿ ಮಾಡಿರುತ್ತಾರೆ, ನಡುವೆ ಗೋಡೆ ಇಟ್ಟಿರುತ್ತಾರೆ. ಗೋಡೆಯೇನೋ ಗಟ್ಟಿ. ಆದರೆ ಕೇಬಲ್ಲು ದಾಟಲು ತೂತು ಬೇಕಲ್ಲ. ಆ ತೂತುಗಳನ್ನು ಬೆಂಕಿಗೆ ಜಗ್ಗದ ಕಲ್ಲುನಾರಿನ ಹಲಗೆ ಕತ್ತರಿಸಿ, ಮೇಲೆ ಬಿಳಿ ಲೇಪ ಬಳಿದು, ಇರುವೆ ನುಸುಳದಂತೆ ಮುಚ್ಚುವುದು ತಿಮ್ಮೇಶನ ಕೆಲಸ. ಈ ಕಡೆಯಿಂದ ನೋಡಿ, ಸುತ್ತಿ ಬಳಸಿ ಆ ಕಡೆಗೂ ಹೋಗಿ ನೋಡಿ, ಗೋಡೆಗೆ ತೂಗುಹಾಕಿದ ಕಾರ್ಡಿನಲ್ಲಿ ಸಹಿ ಹಾಕುವುದು ಓಂಕಾರೇಶನ ಕೆಲಸ.

ಅವನು ಆ ಕಡೆ ಹೋಗಿರಲಿಲ್ಲ. ಈ ಕಡೆಯಿಂದ ಬಿಳಿ ಲೇಪ ನೋಡಿದ, ಹೆಬ್ಬೆರಳಿನಿಂದ ಒತ್ತಿದ, ಸಹಿ ಹಾಕಿದ. ಮಾರನೆಯ ದಿನ ಅದೇ ಗೋಡೆಯ ಹತ್ತಿರ ವೆಲ್ಡಿಂಗ್ ನಡೆಯಿತು. ಕಿಡಿಯೊಂದು ಲೇಪದ ಸಂದಿಯಲ್ಲಿ ತೂರಿ ಆ ಕಡೆಯ ಕೇಬಲ್ಲಿನ ಮೇಲೆ ಬಿತ್ತು, ರಬ್ಬರು ಗುಮ್ಮೆಂದು ಹೊಗೆಯಾಡಿ, ಗಂಟೆ ಹೊಡೆದು, ಚಾವಣಿಯಿಂದ ನೀರು ಸುರಿಯಿತು. ವಾರ್ಷಿಕ ರಿಪೇರಿಗೆಂದು ಯಂತ್ರ ನಿಲ್ಲಿಸಿದ್ದ ದಿನಗಳು. ಎರಡನೆಯ ದಾರಿಗೆ ಏನೂ ಆಗಲಿಲ್ಲ. ದೊಡ್ಡದೇನೂ ಆಗಲಿಲ್ಲ. ಆಗಬಹುದಿತ್ತು ಎಂಬುದಷ್ಟೇ. ಈ ‘ಬಹುದಿತ್ತು’ ಒಂದು ಅವನ ನಿದ್ದೆ ತಿಂದುಹಾಕಿತ್ತು. ಕಾರ್ಡಿನಲ್ಲಿ ಸಹಿಯಿತ್ತಲ್ಲ, ಮುಚ್ಚಿದ್ದನ್ನು ಆಮೇಲೆ ತಿಮ್ಮೇಶನೇ ಬಿಚ್ಚಿರಬೇಕೆಂದು ಅವನನ್ನು ಊರಿಗೆ ಕಳಿಸಿದ್ದರು, ಓಂಕಾರೇಶ ಅಲ್ಲವೆಂದಿರಲಿಲ್ಲ.

ಗೋಡೆಯ ಆ ಕಡೆ ಯಾಕೆ ಹೋಗಲಿಲ್ಲ? ಇದಕ್ಕೆ ಅವನ ಬಳಿ ಮೂರು ಉತ್ತರಗಳಿದ್ದವು. ಮೊದಲನೆಯದು ಬಹಳ ಘನವಾದದ್ದು. ಅಪ್ಪ ಬಸವರಾಜಪ್ಪ ಕಣದಲ್ಲಿ ನಿಂತು ಹೇಳುತ್ತಿದ್ದ ಮಾತು: ಗೊತ್ತಿದ್ದವನು ಅಳೆದು ಕೊಟ್ಟ ರಾಗೀನ ಮನೆಗೆ ತಂದು ಮತ್ತೆ ಅಳೀಬಾರದು ಕಣೋ, ಕೊಳಗ ಎತ್ತಿದ ಕೂಡಲೇ ನಂಬಿಕೆ ಹೋಯ್ತು. ತಿಮ್ಮೇಶ ಗೊತ್ತಿದ್ದವನು. ಅವನ ಕೈ ಒಳ್ಳೆಯದು. ಅವನ ಕೆಲಸವನ್ನು ಅವನ ಕಣ್ಣೆದುರೇ ಕೆದಕಿ ನೋಡುವುದು ಅವಮಾನವಲ್ಲವೇ? ಈ ಉತ್ತರ ಮೊದಲ ತಿಂಗಳು ಚೆನ್ನಾಗಿ ಕೆಲಸ ಮಾಡಿತು. ಆಮೇಲೆ ಎರಡನೆಯದು: ಆ ಕಡೆಯದು ವಿಕಿರಣದ ವಲಯ. ಬಟ್ಟೆ, ಬೂಟು ಬದಲಿಸಬೇಕು, ಎದೆಗೆ ಮಾಪಕ ಸಿಕ್ಕಿಸಿಕೊಳ್ಳಬೇಕು, ಹೊರಬರುವಾಗ ಮೈಯೆಲ್ಲ ಪರೀಕ್ಷೆ. ವರ್ಷಕ್ಕೆ ಇಷ್ಟೇ ಎಂದು ಮೈಗೆ ಮಿತಿಯಿರುವಾಗ ಸುಮ್ಮಸುಮ್ಮನೆ ಯಾಕೆ? ಇದೂ ನ್ಯಾಯವೇ. ಆದರೆ ಅವತ್ತಿನ ಅವನ ಮಾಪಕ ಮಿತಿಯ ಹತ್ತಿರವೂ ಸುಳಿದಿರಲಿಲ್ಲ. ಮೂರನೆಯ ಉತ್ತರ ಪೂರಿ. ಗುರುವಾರ ಕ್ಯಾಂಟೀನಿನಲ್ಲಿ ಪೂರಿ ಸಾಗು. ಒಂಬತ್ತೂವರೆಗೆ ಬಂದ್. ಆಗ ಒಂಬತ್ತೂಕಾಲು. ಇಷ್ಟೇ ಸತ್ಯ, ಇದರಾಚೆ ಏನೂ ಇರಲಿಲ್ಲ. ಮೂರು ಪೂರಿ ತಿಂದಿದ್ದ, ಇನ್ನೊಂದು ಹಾಕಿಸಿಕೊಂಡಿದ್ದ. ಥೂ, ಬೆಂಕಿ ಬೀಳಲಿ ನನ್ನ ನಾಲಿಗೆಗೆ ಎಂದುಕೊಂಡ, ಬಸ್ಸಿನಲ್ಲಿ. ಬಾಯಿಂದಲೇ ಬಂದಿತ್ತು ಆ ಮಾತು.

ಪಕ್ಕದಲ್ಲಿ ಕೂತಿದ್ದ ಮುದುಕ ತಿರುಗಿ ನೋಡಿದ. “ಬಸವರಾಜಪ್ಪನ ಮಗ ಅಲ್ವೇನಪ್ಪಾ ನೀನು? ಪೇಪರಲ್ಲಿ ಬಂದಿತ್ತಲ್ಲ ಫೋಟೋ. ನಾನು ಹೊನ್ನಯ್ಯ, ನಿಮ್ಮಪ್ಪನ ಜತೆ ಸಂತೆಗೆ ಹೋಗ್ತಿದ್ದೋನು.” ಬಸ್ಸಿಗೆಲ್ಲ ಕೇಳುವಂತೆ, “ಆ ಅಣು ಕಾರ್ಖಾನೆ ಸುಟ್ಟೋಗೋದ ಉಳಿಸ್ದೋನು ಕಣ್ರೀ ಇವ್ನು, ಇಲ್ದಿದ್ರೆ ನಾವ್ಯಾರೂ ಇರ್ತಿರ್ಲಿಲ್ಲ,” ಎಂದ. ಎರಡು ಮೂರು ತಲೆಗಳು ತಿರುಗಿದವು. ಹಾಗೇನಿಲ್ಲ ಅಂತ ಓಂಕಾರೇಶ ತಡವರಿಸಿದ. “ನೋಡಿ, ದೊಡ್ಡೋರ ಮನೆ ಗುಣ. ಹೊಗಳಿದ್ರೆ ಕುಗ್ತಾನೆ,” ಎಂದು ಹೊನ್ನಯ್ಯ ಇನ್ನೂ ಹಿಗ್ಗಿದ. ಓಂಕಾರೇಶ ಬೀರೂರಿನಲ್ಲೇ ಇಳಿದುಬಿಟ್ಟ. ಇಳಿಯುವ ಅಗತ್ಯವೇ ಇರಲಿಲ್ಲ. ಅರ್ಧ ಗಂಟೆ ಬಿಸಿಲಲ್ಲಿ ನಿಂತು ಬೇರೆ ಬಸ್ಸು ಹತ್ತಿದ. ಕಡೂರಿನಲ್ಲಿ ಬಂದ ಎರಡು ಬಸ್ಸು ಬಿಟ್ಟು, ಮಧ್ಯಾಹ್ನದ ಮೇಲೆ ಮೂರನೆಯದು ಹತ್ತಿದ. ಹೀಗಾಗಿ ಸಿಂಗಟಗೆರೆ ಮುಟ್ಟುವಾಗ ಮೂರು ದಾಟಿತ್ತು.

ತಿಮ್ಮೇಶನ ಮನೆ ಕೆರೆಯ ಕಡೆಗಿನ ಬೀದಿಯಲ್ಲಿ. ಅಂಗಳದ ತುಂಬ ತೆಂಗಿನಕಾಯಿ ಸಿಪ್ಪೆ. ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ, ಮಗ್ಗುಲು ತಿರುಗಿಸಿ, ಸಿಪ್ಪೆ ಎಳೆದು ಎಸೆಯುತ್ತಿದ್ದ ತಿಮ್ಮೇಶ ಬರಿಮೈಯಲ್ಲಿದ್ದ. ಸ್ಥಾವರದ ಕೋಣೆಗಳಲ್ಲಿ ಬ್ಲೇಡು ಹಿಡಿದು ನಾರಿನ ಹಲಗೆಯನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕತ್ತರಿಸುತ್ತಿದ್ದ ಕೈ ಅದು. ಈಗ ಕಾಯಿ ಸುಲಿಯುತ್ತಿದೆ. ಓಂಕಾರೇಶನನ್ನು ಕಂಡು ಎದ್ದು ನಿಂತು, ಹೆಗಲ ಟವೆಲ್ಲಿನಿಂದ ಎದೆ ಮುಚ್ಚಿಕೊಂಡ. ಆ ಮುಚ್ಚಿಕೊಂಡದ್ದು ಓಂಕಾರೇಶನಿಗೆ ಚುರುಕ್ಕೆಂದಿತು. ತಪ್ಪು ಮಾಡಿದವನು ಅಂಗಿ, ಪ್ಯಾಂಟು, ವಾಚು ಹಾಕಿಕೊಂಡು ನಿಂತಿದ್ದಾನೆ, ನಾಚಿಕೆ ಇವನಿಗೆ.

ತಿಮ್ಮೇಶ ಬಾಯಿ ತೆರೆಯುವ ಮೊದಲೇ ಅವನ ತಾಯಿ ತಿಪ್ಪಮ್ಮ ಒಳಗಿನಿಂದ ಬಂದಳು. ಕಂಚಿನ ಚೊಂಬಿನಲ್ಲಿ ನೀರು. “ಬಾರಪ್ಪಾ, ಬಾ. ನಮ್ಮ ಪಾಲಿನ ದೇವ್ರು ಬಂದಂಗಾಯ್ತು. ಈ ಮನೆಹಾಳ ಮಾಡ್ದ ಕೆಲ್ಸಕ್ಕೆ ಬೇರೆ ಯಾರಾದ್ರೂ ಆಗಿದ್ರೆ ಜೈಲಿಗೆ ಹಾಕ್ಸಿರೋರು. ನೀನು ಬಿಡ್ಸಿ ಕಳ್ಸಿದೆ.” ಅವಳು ಕೈ ಮುಗಿದಳು. ಚೊಂಬು ಹಿಡಿದ ಕೈಯಿಂದಲೇ ಮುಗಿದದ್ದರಿಂದ ನೀರು ತುಳುಕಿ ಓಂಕಾರೇಶನ ಬೂಟಿನ ಮೇಲೆ ಬಿತ್ತು. “ಅನ್ನ ಹಾಕ್ದೋರ ಮನೆಗೆ ಬೆಂಕಿ ಇಟ್ಟು ಬಂದವ್ನೆ, ಇವ್ನ ಮುಖ ನೋಡ್ಕೊಂಡು ನಾನು ಬೀದೀಲಿ ಹೆಂಗೆ ಓಡಾಡ್ಲಿ? ದಿನಾ ಬೆಳಗಾದ್ರೆ ಇದೇ ಆಗಿದೆ ನಂಗೆ. ಹೊಟ್ಟೇಲಿ ಹುಟ್ಟಿದ್ದು, ಎಸಿಯಕ್ಕಾಗುತ್ತಾ? ಕೂರಪ್ಪಾ, ಮುದ್ದೆ ಹಾಕ್ತೀನಿ. ಉಣ್ಣದೆ ಹೋಗ್ಬಾರ್ದು.” ಹೇಳುತ್ತಲೇ ಒಳಗೆ ಹೋದಳು. ತಿಮ್ಮೇಶ ಮತ್ತೊಂದು ಕಾಯಿ ಎತ್ತಿಕೊಂಡು ಮೊನೆಗೆ ಚುಚ್ಚಿದ. ಬೈಗುಳ ಅವನಿಗೆ ಗಾಳಿಯಷ್ಟೇ ರೂಢಿಯಾಗಿದ್ದ ಹಾಗೆ ಕಂಡಿತು.

ಓಂಕಾರೇಶ ಜಗಲಿಯ ಮೇಲೆ ಕೂತು ಚೀಲದಿಂದ ಹಾಳೆ ತೆಗೆದ. ತೆಗೆದವನು ಕೊಡಲಿಲ್ಲ. ಹಾಳೆ ತೊಡೆಯ ಮೇಲಿತ್ತು.

“ಕೊಡಿ ಸಾ,” ಎಂದ ತಿಮ್ಮೇಶ. “ಫೋನಲ್ಲೇ ಹೇಳಿದ್ರಲ್ಲ ವಿಶ್ವನಾಥ್ ಸಾಹೇಬ್ರು. ಹಾಕ್ತೀನಿ. ಧನ್ಯಾ, ನಿನ್ ಪೆನ್ನು ತಾರವ್ವ.” ಒಳಗಿಂದ ಅವನ ಮಗಳು ಧನ್ಯಶ್ರೀ ಪೆನ್ನು ತಂದುಕೊಟ್ಟು, ಬಂದವರ ಮುಖ ಒಂದು ಕ್ಷಣ ನೋಡಿ, ಓಡಿಹೋದಳು.

“ತಿಮ್ಮೇಶ, ಇದ್ರಲ್ಲಿ ಏನಿದೆ ಓದಿದೆಯೇನೋ?”

“ಓದೋದೇನು ಸಾ. ಮುಚ್ಚಿದ್ನಂತೆ, ನೀವು ನೋಡಿದ್ರಂತೆ, ಆಮೇಲೆ ನಾನು ಬಿಚ್ಚಿದ್ನಂತೆ.” ತಿಮ್ಮೇಶ ನಕ್ಕ. ಕೆಟ್ಟ ನಗೆಯಲ್ಲ. “ನೀವು ಬರ್ಲಿಲ್ಲ ಅಂತ ನಂಗೊತ್ತು ಸಾ. ನಾನು ಆ ಕಡೇನೇ ಕೂತಿದ್ದೆ. ಹಲಗೆ ಒಂದು ಸಾಲ್ದೆ ಹೋಗಿತ್ತು, ಸ್ಟೋರಲ್ಲಿ ನಾಳೆ ಬಾ ಅಂದಿದ್ರು. ಹಿಂದಗಡೆ ಹಲಗೆ ಬದ್ಲು ಬರೀ ನಾರು ಸಡಿಲಾಗಿ ತುರುಕಿದ್ದೆ. ನೀವು ಬಂದ ಕೂಡ್ಲೆ ತೋರ್ಸಿ, ಹಿಂಗಾಗಿದೆ ಸಾ, ಇವತ್ತು ಸೈನ್ ಹಾಕ್ಬೇಡಿ ಅನ್ನಾಣ ಅಂತ ಕಾದೆ. ನಲವತ್ತು ನಿಮಿಷ ಕಾದೆ. ಬರ್ಲಿಲ್ಲ. ಸುತ್ಕೊಂಡು ಈ ಕಡೆ ಬಂದು ನೋಡ್ತೀನಿ, ಕಾರ್ಡಲ್ಲಿ ನಿಮ್ ಸೈನು ಬಿದ್ದೈತೆ. ಸಾಹೇಬ್ರೇ ಹಾಕವ್ರೆ ಅಂದ್ಮೇಲೆ ಆಯ್ತು ಬಿಡು ಅಂತ ನಾನೂ ಹೋದೆ.”

ಓಂಕಾರೇಶ ಆರು ತಿಂಗಳು ಯಾರಿಗೂ ಗೊತ್ತಿಲ್ಲವೆಂದು ಬಚ್ಚಿಟ್ಟುಕೊಂಡು ಓಡಾಡಿದ್ದು ಇದನ್ನೇ. ಪೇಟ ಇಡಿಸಿಕೊಂಡಾಗ, ಫೋಟೋಗೆ ನಿಂತಾಗ, ಇಲ್ಲಿ ಸಿಪ್ಪೆಯ ರಾಶಿಯ ನಡುವೆ ಒಬ್ಬನಿಗೆ ಎಲ್ಲ ಗೊತ್ತಿತ್ತು. “ಮತ್ತೆ ವಿಚಾರಣೇಲಿ ಯಾಕೋ ಹೇಳ್ಲಿಲ್ಲ?”

“ನಿಮ್ಮ ಮೇಲೆ ಏನ್ ಪ್ರೀತಿ ಉಕ್ಕಿ ಅಲ್ಲ ಸಾ, ತಪ್ಪು ತಿಳ್ಕೋಬೇಡಿ. ನಿಮ್ಮ ಮಾತಿನ ಮೇಲೆ ನಮ್ಮ ಕಡೆಯೋರು ಒಂಬತ್ತು ಜನ ಅಲ್ಲಿ ಗೇಟ್ ಪಾಸ್ ಇಟ್ಕೊಂಡವ್ರೆ. ನನ್ನ ಹೆಂಡ್ತಿ ಅನಿತಾನ ತಮ್ಮ ದೇವರಾಜನೂ ಅವ್ನೆ. ನೀವು ಬಿದ್ರೆ ಒಂಬತ್ತೂ ಬೀಳ್ತವೆ. ನಾನು ಹೋದ್ರೆ ನಾನೊಬ್ನೇ.”

ಹೌದಲ್ಲ, ಇದು ಸರಿಯಾದ ಮಾತೇ. ಓಂಕಾರೇಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಂಬತ್ತು ಮನೆಗಳ ಒಲೆ. ಬಾಯಿ ಮುಚ್ಚಿಕೊಂಡಿರುವುದು ಬರೀ ಹೇಡಿತನವಲ್ಲ, ಒಂದು ಬಗೆಯಲ್ಲಿ ಜವಾಬ್ದಾರಿ. ನಾಲ್ಕನೆಯ ಉತ್ತರ ಸಿಕ್ಕಿತ್ತು, ಮಿಕ್ಕ ಮೂರಕ್ಕಿಂತ ಚೆನ್ನಾಗಿತ್ತು, ಅದೂ ತಿಮ್ಮೇಶನ ಬಾಯಿಂದಲೇ ಬಂದಿತ್ತು. ಹಾಯೆನ್ನಿಸಿತು. ಹಾಯೆನ್ನಿಸಿದ ಮರುಕ್ಷಣ ತನ್ನ ಮೇಲೆ ಎಂಥ ಹೇಸಿಗೆ ಹುಟ್ಟಿತೆಂದರೆ, ಕೈಯಲ್ಲಿದ್ದ ಹಾಳೆಯನ್ನು ತಿಮ್ಮೇಶನತ್ತ ಚಾಚುವಾಗ ಅವನ ಮುಖ ನೋಡಲಾಗಲಿಲ್ಲ. ಆದರೂ ಚಾಚಿದ. ಇದನ್ನು ಮುಚ್ಚಿಡಬಾರದು, ಚಾಚಿದ್ದ.

ತಿಮ್ಮೇಶ ಹಾಳೆಯನ್ನು ಜಗಲಿಯ ಮೇಲಿಟ್ಟು, ಪೆನ್ನು ಬಿಚ್ಚಿ, ನಿಲ್ಲಿಸಿದ. “ಒಂದೇ ಒಂದು ಸಾ. ಅವ್ವಂಗೆ ನೀವೇ ಹೇಳ್ಬುಡಿ, ನಿಮ್ ಮಗ ಮಾಡಿಲ್ಲ ಅಂತ. ಆಫೀಸಿಗೆ ಬ್ಯಾಡ, ಪೇಪರಿಗೆ ಬ್ಯಾಡ. ಅವ್ವಂಗೆ ಸಾಕು. ನಾನು ಹೇಳಿದ್ರೆ ನಂಬಲ್ಲ, ತಪ್ಪಿಸ್ಕಣಕ್ಕೆ ದೊಡ್ಡೋರ ಮೇಲೆ ಹಾಕ್ತಾನೆ ಅಂತಾಳೆ. ಊರೋರು ಏನಾದ್ರೂ ಅಂದ್ಕಳ್ಳಿ. ಮನೇಲಿ, ಮಗಳ ಮುಂದೆ, ಬೆಳಗ್ಗೆದ್ರೆ ಮನೆಹಾಳ ಅಂತಾಳಲ್ಲ ಸಾ, ಅದೊಂದು ತಡಿಯಕ್ಕಾಗಲ್ಲ.”

ಎಷ್ಟು ಸಣ್ಣ ಬೇಡಿಕೆ! ಒಬ್ಬ ಮುದುಕಿ. ಓದು ಬರಹವಿಲ್ಲದವಳು. ಕೆಲಸ ಹೋಗುವುದಿಲ್ಲ, ಯಾವ ಫೈಲೂ ಏಳುವುದಿಲ್ಲ. ತಿಪ್ಪಮ್ಮ ತಟ್ಟೆ ತಂದಿಟ್ಟಳು. ಮುದ್ದೆ, ಅವರೆಕಾಳಿನ ಸಾರು, ಮೇಲೆ ಎರಡು ಚಮಚ ತುಪ್ಪ. ಮನೆಯಲ್ಲಿದ್ದ ತುಪ್ಪವೆಲ್ಲ ಅದೇ ಇರಬೇಕು, ಬಟ್ಟಲು ಕೆರೆದ ಸದ್ದು ಕೇಳಿಸಿತ್ತು. “ಉಣ್ಣಪ್ಪಾ, ದೇವ್ರಂಥೋನು,” ಎಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಓಂಕಾರೇಶ ಬಾಯಿ ತೆರೆದ. “ಅವ್ವಾ,” ಎಂದ. “ಏನಪ್ಪಾ? ಉಪ್ಪು ಕಡ್ಮೆ ಆಯ್ತಾ?” ಎಂದಳು. ಇಲ್ಲ ಎಂದ. ವಿಶ್ವನಾಥರ ಮುಂದೆ ಹೇಳುವುದಕ್ಕಿಂತ, ಮೇಲಿನಿಂದ ಬರುವ ತಜ್ಞರ ಸಮಿತಿಯ ಮುಂದೆ ಹೇಳುವುದಕ್ಕಿಂತ ಇದು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ಅವರೆಲ್ಲ ಅವನನ್ನು ಕೆಲಸದಿಂದ ತೆಗೆಯಬಹುದು. ಇವಳು ದೇವರ ಸ್ಥಾನದಿಂದ ತೆಗೆಯುತ್ತಾಳೆ. ಮುದ್ದೆಯ ತುತ್ತು ಮುರಿದು ಸಾರಿಗೆ ಅದ್ದಿದ, ನುಂಗಿದ. ಇನ್ನೊಂದು ಮುರಿದ. ತಿಮ್ಮೇಶ ಅವನನ್ನೇ ನೋಡುತ್ತಿದ್ದವನು, ನಿಧಾನವಾಗಿ ತಲೆ ತಗ್ಗಿಸಿ, ಹಾಳೆಯ ಮೇಲೆ ಬಗ್ಗಿದ.

ಫೋನು ಬಡಿದುಕೊಂಡಿತು. ವಿಶ್ವನಾಥ್. ಎಡಗೈಯಿಂದ ಎತ್ತಿಕೊಂಡ.

“ಓಂಕಾರೇಶ್, ನಾಲ್ಕಾಗ್ತಾ ಬಂತು. ಸೈನ್ ಆಯ್ತೇನ್ರೀ?”

“ಸಾರ್, ನಾನು ಗೋಡೆಯ ಆ ಕಡೆ ಹೋಗಿರ್ಲಿಲ್ಲ,” ಎಂದ ಓಂಕಾರೇಶ. ಹೇಳಬೇಕೆಂದು ನಿರ್ಧಾರ ಮಾಡಿ ಹೇಳಿದ್ದಲ್ಲ. ತಿಪ್ಪಮ್ಮನ ಕಣ್ಣಿಗಿಂತ ಫೋನಿಗೆ ಹೇಳುವುದು ಸುಲಭವಾಗಿತ್ತು, ಬಂದುಬಿಟ್ಟಿತು. ದನಿ ಮಾತ್ರ ಎದುರಿಗೆ ಕೂತವಳಿಗೂ ಕೇಳದಷ್ಟು ಮೆಲ್ಲಗಿತ್ತು.

ಆ ಕಡೆ ಲೋಟದಲ್ಲಿ ಚಮಚ ತಿರುಗಿಸುತ್ತಿದ್ದ ಸದ್ದು ನಿಂತಿತು. ಚಮಚದ ಸದ್ದು ಇಷ್ಟು ಚೆನ್ನಾಗಿ ಕೇಳುತ್ತಿತ್ತೆಂದರೆ ಮಾತೂ ಅವರಿಗೆ ಕೇಳಿಸಿರಲೇಬೇಕು. “ಹಲೋ? ಏನೂ ಕೇಳಿಸ್ತಿಲ್ಲ ನೋಡಿ,” ಎಂದರು ವಿಶ್ವನಾಥ್, ನಿಧಾನವಾಗಿ. “ಹಳ್ಳಿ ಕಡೆ ನೆಟ್‌ವರ್ಕು ಸರಿ ಇರಲ್ಲ. ನಾನೇನೂ ಕೇಳಿಸ್ಕೊಂಡಿಲ್ಲ. ಸ್ವಲ್ಪ ಯೋಚನೆ ಮಾಡಿ, ಆಮೇಲೆ ಹೇಳಿ. ಸೈನ್ ಆಯ್ತಾ, ಅಷ್ಟೇ ಕೇಳಿದ್ದು.”

ಬಾಗಿಲು ತೆರೆದಿಟ್ಟು ತಪ್ಪಿಸಿಕೊಂಡು ಹೋಗು ಎಂದು ಇದಕ್ಕಿಂತ ಮರ್ಯಾದೆಯಾಗಿ ಯಾರು ಹೇಳುತ್ತಾರೆ? ಆಯ್ತು ಸಾರ್ ಎಂದರೆ ಮುಗಿಯಿತು. ಓಂಕಾರೇಶ ತಿಮ್ಮೇಶನ ಕೈ ನೋಡಿದ. ಪೆನ್ನಿನ ಮೊನೆ ಹಾಳೆಗೆ ತಾಗಿತ್ತು, ‘ತಿ’ ಎಂಬ ಅಕ್ಷರ ಬಿದ್ದಿತ್ತು. ಮುದ್ದೆ ಮೆತ್ತಿದ ಬಲಗೈಯನ್ನು ಚಾಚಿ ಅವನು ಆ ಹಾಳೆ ಕಿತ್ತುಕೊಂಡ. ಎದ್ದು ನಿಂತ. ಬೀದಿಯವರೆಗೂ ಕೇಳುವಷ್ಟು ಗಟ್ಟಿಯಾಗಿ, ಒದರಿದಂತೆ ಹೇಳಿದ:

“ನಾನು ಆ ಕಡೆ ಹೋಗ್ಲಿಲ್ಲ ಸಾರ್! ತೂತು ಮುಚ್ಚಿದ್ದು ನೋಡ್ದೇನೇ ಸೈನ್ ಹಾಕ್ದೆ. ಪೂರಿ ತಿನ್ನಕ್ಕೆ ಹೋದೆ. ಬೆಂಕಿ ಬಿದ್ದಿದ್ದು ನನ್ನಿಂದ, ತಿಮ್ಮೇಶಂದೇನೂ ಇಲ್ಲ. ಅವನು ನನಗೋಸ್ಕರ ಕಾದ, ನಾನು ಬರ್ಲಿಲ್ಲ. ಈಗ ಕೇಳಿಸ್ತಾ?”

ವಿಶ್ವನಾಥ್, “ಕೇಳಿಸ್ತು,” ಎಂದರು. “ನಾಳೆನೇ ಹೊರಟು ಬನ್ನಿ,” ಎಂದು ಇಟ್ಟರು.

ಪಕ್ಕದ ಮನೆಯ ಹೆಂಗಸು ಕಸದ ಮೊರ ಹಿಡಿದುಕೊಂಡೇ ನಿಂತಿದ್ದಳು. ಧನ್ಯಶ್ರೀ ಬಾಗಿಲ ಪಟ್ಟಿಗೆ ಒರಗಿದ್ದಳು. ತಿಮ್ಮೇಶ, “ಅಷ್ಟೆಲ್ಲ ಬ್ಯಾಡ ಅಂದಿದ್ನಲ್ಲ ಸಾ, ದೇವರಾಜನ ಗತಿ ಏನು?” ಎಂದ, ಅವನ ದನಿಯಲ್ಲಿ ಕೋಪವಿತ್ತು, ಅಳುವೂ ಇತ್ತು. ಓಂಕಾರೇಶ ತಿಪ್ಪಮ್ಮನತ್ತ ತಿರುಗಿದ. ಅವಳು ಕೂತಲ್ಲೇ ಇದ್ದಳು. ಬೈಯುತ್ತಾಳೆ, ತಟ್ಟೆ ಎಳೆದುಕೊಳ್ಳುತ್ತಾಳೆ ಎಂದುಕೊಂಡ. ಬೈದರೆ ಸಾಕಪ್ಪಾ ಎಂದು ಮನಸ್ಸು ಹಂಬಲಿಸಿತು.

“ಲೇ ತಿಮ್ಮೇಶ, ನಿಂಗೆ ಇದು ಮೊದ್ಲಿಂದ ಗೊತ್ತಿತ್ತೇನೋ?” ಎಂದಳು ಅವಳು.

“ಗೊತ್ತಿತ್ತು ಕಣವ್ವ.”

“ನಾನು ಬೈವಾಗ ಯಾಕೋ ಸುಮ್ಕಿದ್ದೆ?”

ತಿಮ್ಮೇಶ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಓಂಕಾರೇಶ ಎಂಜಲು ಕೈಯನ್ನೇ ಜೋಡಿಸಿ, “ತಪ್ಪಾಯ್ತು ಅವ್ವಾ,” ಎಂದ. ಹೇಳಿದ ಕೂಡಲೇ ಅವನ ಮೈಯೆಲ್ಲ ಹಗುರಾಯಿತು, ಸುಳ್ಳು ಹೇಳಬಾರದು, ಆರು ತಿಂಗಳಲ್ಲಿ ಮೊದಲ ಸಲ ಹಗುರಾಯಿತು. ತಿಪ್ಪಮ್ಮ ತಲೆಯೆತ್ತಿ ಆ ಹಗುರಾದ ಮುಖವನ್ನು ನೋಡಿದಳು.

“ನಿಂದು ಹೇಳ್ಕಂಡೆ, ನಿಂಗಾಯ್ತು ಬಿಡಪ್ಪಾ,” ಎಂದಳು. “ಆರು ತಿಂಗ್ಳು ಹೆತ್ತ ಮಗನ್ನ ಮನೆಹಾಳ ಅಂದ್ನಲ್ಲ, ಅದನ್ನ ನಾನು ಯಾರ ಹತ್ರ ಹೋಗಿ ಹೇಳ್ಕಳ್ಳಿ?”